ಇತರೆ ಎಪ್ಪತ್ತು ಪಾಲು

ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ಹುಳು ಸತ್ತರೆ ಮೊದಲು ಬಯ್ಯಿಸಿಕೊಳ್ಳುವವರು ಚಾಕಿಯವರು. ಮೊಟ್ಟೆಯೊಡೆದ ಮರಿಯನ್ನು ಎರಡು ಜ್ವರ ಏಳುವ, ಎಂದರೆ ಎರಡು ಸಲ ಪೊರೆ ಬಿಡುವ ತನಕ ಎಳೆ ಸೊಪ್ಪು ಹೆಚ್ಚಿ ಹಾಕಿ ಸಾಕಿಕೊಡುವುದು ಚಾಕಿಯ ಕೆಲಸ. ಆಮೇಲೆ ರೈತರು ಅದನ್ನು ಒಯ್ದು ತಮ್ಮ ತಮ್ಮ ಹುಳು ಮನೆಯಲ್ಲಿ ಬೆಳೆಸಿ ಗೂಡು ಕಟ್ಟಿಸುತ್ತಾರೆ. ಗೂಡು ಗಟ್ಟಿಯಾಗಿ ಬಂದರೆ ಅದು ರೈತನ ಕೈಗುಣ. ಹುಳು ಸತ್ತರೆ ಚಾಕಿಯ ದೋಷ. ಈ ನ್ಯಾಯವನ್ನು ಯಾವ ಪುಣ್ಯಾತ್ಮ ಬರೆದಿಟ್ಟನೋ, ಜಂಗಮಕೋಟೆ ಕಡೆಯ ಮೂವತ್ತು ಮನೆಗಳಿಗೆ ಹದಿನೆಂಟು ವರ್ಷದಿಂದ ಚಾಕಿ ಕೊಡುತ್ತಿದ್ದ ಚಿಕ್ಕವೆಂಕಟಮ್ಮನಿಗೆ ಅದು ಬಾಯಿಪಾಠವಾಗಿತ್ತು. ಆದರೆ ಅದರ ಏಟು ತನ್ನ ಮೇಲೆ ಬೀಳುವ ದಿನ ಬಂದೀತೆಂದು ಅವಳು ಎಣಿಸಿರಲಿಲ್ಲ.

ಕೋಲಾರವನ್ನು ಒಡೆದು ಚಿಕ್ಕಬಳ್ಳಾಪುರ ಜಿಲ್ಲೆ ಮಾಡಿದ ವರ್ಷ ಅದು, ಎರಡು ಸಾವಿರದ ಏಳು. ಸೆಪ್ಟೆಂಬರಿನ ಒಂದೇ ವಾರದಲ್ಲಿ ಒಂಬತ್ತು ಮನೆಯ ಹುಳು ಸತ್ತವು. ಇನ್ನು ಐದಾರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಾಗಿದ್ದ ಹುಳು, ಬೆಳಗಿನ ಸೊಪ್ಪು ತಿಂದದ್ದೇ ತಲೆ ಆಡಿಸತೊಡಗಿ, ಹಸಿರು ನೀರು ಕಕ್ಕಿ, ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕರ್ಧ ಕುಗ್ಗಿ ಬಿದ್ದಿದ್ದವು.

ಮೊದಲು ಸತ್ತದ್ದು ಜಯರಾಮಪ್ಪನ ಮನೆಯಲ್ಲಿ. ಜಯರಾಮಪ್ಪ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಚಿಕ್ಕವೆಂಕಟಮ್ಮನ ಮನೆ ಅವನ ಮನೆಯಿಂದ ಆರನೆಯದು. ಆದರೂ ಅವನು ಅಲ್ಲಿಗೆ ಬಂದು ಕೇಳಲಿಲ್ಲ. ಡೈರಿಯಲ್ಲಿ ಹಾಲು ಅಳೆಯುತ್ತಾ, "ಈ ಸಲದ ಚಾಕಿನೇ ಸರಿ ಇರ್ಲಿಲ್ಲ ಕಣ್ರಪ್ಪ" ಎಂದ. ಡೈರಿಯಲ್ಲಿ ಆಡಿದ ಮಾತು ಹಾಲಿಗಿಂತ ಬೇಗ ಮನೆ ಮನೆ ಸೇರುತ್ತದೆ. ಸಂಜೆಯ ಹೊತ್ತಿಗೆ ಮಿಕ್ಕ ಎಂಟು ಮನೆಯವರಿಗೂ ತಮ್ಮ ಹುಳು ಚಾಕಿಯಲ್ಲೇ ಸೊರಗಿದ್ದದ್ದು ನೆನಪಾಯಿತು.

ಚಿಕ್ಕವೆಂಕಟಮ್ಮ ತಾನೇ ಜಯರಾಮಪ್ಪನ ಹುಳು ಮನೆಗೆ ಹೋದಳು. ಕೈಕಾಲು ತೊಳೆದು, ಬಾಗಿಲಲ್ಲಿ ಸುಣ್ಣ ತುಳಿದು ಒಳಗೆ ಬಂದು, ಸತ್ತ ಹುಳುವನ್ನು ಅಂಗೈ ಮೇಲಿಟ್ಟು ನೋಡಿದಳು.

"ಇದು ರೋಗ ಅಲ್ಲ ಜಯರಾಮ. ಹಾಲುತೊಂಡೆ ಆಗಿದ್ರೆ ಮೈ ಊದಿ ಹಾಲು ಸುರೀತಿತ್ತು. ಸುಣ್ಣಕಟ್ಟು ಆಗಿದ್ರೆ ಕಡ್ಡಿ ಆಗಿರ್ತಿತ್ತು. ಇದು ಸೊಪ್ಪಲ್ಲಿ ಬಂದಿರೋದು. ಏನು ಹೊಡ್ದಿದ್ದೆ ತೋಟಕ್ಕೆ?"

"ಗರುಡಾಸ್ತ್ರ. ಪ್ರತಿ ವರ್ಷ ಹೊಡಿಯೋದೇ ಅಕ್ಕ. ಇಪ್ಪತ್ತು ದಿನ ಬಿಟ್ಟು ಇಪ್ಪತ್ತೊಂದಕ್ಕೆ ಸೊಪ್ಪು ಕಿತ್ತಿದೀನಿ."

"ಹತ್ತು ಹುಳಕ್ಕೆ ಹಾಕಿ ನೋಡಿದ್ಯಾ?"

ಜಯರಾಮಪ್ಪ ಗೋಡೆಗೆ ಅಂಟಿಸಿದ್ದ ಬಣ್ಣದ ಹಾಳೆಯ ಕಡೆ ನೋಡಿದ. ಔಷಧಿ ಹೊಡೆದ ತೋಟದ ಸೊಪ್ಪನ್ನು ಮೊದಲು ಹತ್ತು ಹುಳಕ್ಕೆ ಹಾಕಿ, ಒಂದು ದಿನ ಕಾದು, ಬದುಕಿದರೆ ಮಾತ್ರ ಮಿಕ್ಕವಕ್ಕೆ ಹಾಕುವುದು ಈ ಕಡೆಯ ಮುದುಕಿಯರು ಮಾಡಿಟ್ಟ ಪದ್ಧತಿ. ಆ ವರ್ಷ ಇಲಾಖೆಯವರು ಬಣ್ಣದ ಹಾಳೆ ಅಚ್ಚು ಹಾಕಿಸಿ ಹಂಚಿದ್ದರು. ಅದರಲ್ಲಿ ಔಷಧಿಯ ಹೆಸರು, ಅದರೆದುರು ಕಾಯಬೇಕಾದ ದಿನ, ಮೇಲೆ ನಗುತ್ತಿರುವ ರೈತನ ಚಿತ್ರ ಇದ್ದವು. ಆ ಹಾಳೆ ಗೋಡೆಗೆ ಅಂಟಿದ ದಿನವೇ ಹತ್ತು ಹುಳುವಿನ ಕೆಲಸ ಹೋಯಿತು.

"ಅಚ್ಚಾಗಿ ಬಂದೈತಲ್ಲಕ್ಕ" ಎಂದ ಜಯರಾಮಪ್ಪ. "ಇನ್ನೂ ಹತ್ತು ಹುಳ ಇಟ್ಕೊಂಡು ಕೂತಿದ್ರೆ ನಗಲ್ವಾ?"

"ಈಗ ಯಾರೂ ನಗ್ತಾ ಇಲ್ಲ ಬಿಡು."

ಆ ಮಾತು ಅವನಿಗೆ ನಾಟಿತು, ನಾಟಿದ್ದರಿಂದಲೇ ಇನ್ನಷ್ಟು ಬಿಗಿದುಕೊಂಡ. "ನೋಡಕ್ಕ, ಔಷಧಿದು ಅಂತೀಯ. ರುಜುವಾತು ಮಾಡು. ಇಲ್ಲಾಂದ್ರೆ ದೀಪಾವಳಿ ಆದ್ಮೇಲಿನ ಬೆಳೆಗೆ ನಾವು ಪಕ್ಕದ ವಿಜಯಪುರದಿಂದ ಚಾಕಿ ತರ್ತೀವಿ. ಒಂಬತ್ತು ಮನೆ ಹೋದ್ರೆ ಮೂವತ್ತೂ ಹೋದಂಗೇ."

ಅದು ನಿಜ. ಚಾಕಿಯವಳ ಹೆಸರು ಒಂದು ಮನೆಯಲ್ಲಿ ಕೆಟ್ಟರೆ ಊರಲ್ಲೆಲ್ಲ ಕೆಟ್ಟಂತೆ. ಗೂಟದಲ್ಲಿ ತೂಗುಹಾಕಿದ್ದ ಔಷಧಿ ಬಾಟಲಿಯನ್ನು ಚಿಕ್ಕವೆಂಕಟಮ್ಮ ಇಳಿಸಿ, ಮುಚ್ಚಳ ತೆಗೆದು ಮೂಸಿದಳು. ಹೋದ ವರ್ಷ ಈ ಔಷಧಿ ಸೀಮೆಎಣ್ಣೆಯ ಹಾಗೆ ನಾರುತ್ತಿತ್ತು. ಈಗ ಉಗುರಿಗೆ ಹಚ್ಚುವ ಬಣ್ಣದಂಥ ಸಿಹಿ ವಾಸನೆ. ಚೀಟಿ ಅದೇ, ಗರುಡ ಅದೇ, ಹೆಸರೂ ಅದೇ. ಕೊಂಡಾಗ ಜಯರಾಮಪ್ಪ ಚಿಂತಾಮಣಿಯ ಗೊಬ್ಬರದಂಗಡಿಯವನನ್ನು ಕೇಳಿದ್ದಕ್ಕೆ, "ವಾಸನೆ ಕಂಪನಿಯೋರು ಇಂಪ್ರೂವ್ ಮಾಡವ್ರೆ" ಎಂದನಂತೆ.

ದೂರು ಕೊಡಲು ಹೋದವಳಿಗೆ ಸರ್ಕಾರದ ಸೊಗಸು ಕಾಣಿಸಿತು. ರೇಷ್ಮೆ ಇಲಾಖೆಯವರು, "ಇದು ಔಷಧಿ ವಿಷಯ, ಕೃಷಿ ಇಲಾಖೆಗೆ ಹೋಗಿ" ಎಂದರು. ಕೃಷಿ ಇಲಾಖೆಯವರು, "ಸತ್ತಿರೋದು ಹುಳು ತಾನೇ? ರೇಷ್ಮೆ ಇಲಾಖೆಗೆ ಹೋಗಿ" ಎಂದರು. ಮೂರು ದಿನ ಅತ್ತಿಂದಿತ್ತ ತಿರುಗಿದ ಮೇಲೆ ಅವಳು ಸತ್ತ ಹುಳುಗಳನ್ನು ಒಂದು ಡಬ್ಬದಲ್ಲಿ ತುಂಬಿ ಕೃಷಿ ಇಲಾಖೆಯ ಬಾಗಿಲಲ್ಲಿ ಕೂತಳು. ಆ ನಾತಕ್ಕೆ ಕಡತಗಳೇ ಎದ್ದು ಹೋಗುವಂತಾಯಿತು. ಮಾರನೆಯ ದಿನ ಪರಿವೀಕ್ಷಕರು ಜೀಪಿನಲ್ಲಿ ಊರಿಗೆ ಬಂದರು.

ಪರಿವೀಕ್ಷಕರ ಹೆಸರು ನರಸಿಂಹಪ್ಪ. ಇಸ್ತ್ರಿ ಅಂಗಿ, ಮೈತುಂಬಾ ಸೆಂಟು, ಕಂಕುಳಲ್ಲಿ ಕಡತ. ಔಷಧಿ ಅಂಗಡಿಗಳನ್ನು ತಪಾಸಣೆ ಮಾಡಿ, ಮಾದರಿ ತೆಗೆದು, ಪ್ರಯೋಗಾಲಯಕ್ಕೆ ಕಳಿಸುವುದು ಅವರ ಕೆಲಸ. ಮಾದರಿಯನ್ನು ಮೂರು ಭಾಗ ಮಾಡಿ, ಅರಗು ಹಾಕಿ, ದಾರ ಕಟ್ಟಿ, ಸಹಿ ತೆಗೆದುಕೊಳ್ಳುವುದರಲ್ಲಿ ಅವರಷ್ಟು ಅಚ್ಚುಕಟ್ಟಾದ ಮನುಷ್ಯ ಹೊಸ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಒಳಗಿರುವುದು ಏನು ಎಂಬ ಬಗ್ಗೆ ಅವರಿಗೆ ಅಂಥ ಕುತೂಹಲವೇನೂ ಇರಲಿಲ್ಲ.

"ಪರೀಕ್ಷೆ ಮಾಡಿಸ್ತೀನಮ್ಮ. ಮೂವತ್ತು ಪಾಲು ಔಷಧಿ ಅಂತ ಬಾಟ್ಲಿ ಮೇಲಿದೆ. ಮೂವತ್ತಕ್ಕೆ ಕಮ್ಮಿ ಬಂದ್ರೆ ಕಂಪನಿ ಮೇಲೆ ಕೇಸು."

"ಇನ್ನು ಎಪ್ಪತ್ತು ಪಾಲು ಏನು ಸ್ವಾಮಿ?"

"ಇತರೆ."

"ಇತರೆ ಅಂದ್ರೆ?"

"ಜಡ ಪದಾರ್ಥ ಕಣಮ್ಮ. ಔಷಧಿ ನೀರಲ್ಲಿ ಬೆರೀಲಿ, ಎಲೆಗೆ ಅಂಟ್ಕೊಳ್ಳಲಿ ಅಂತ ಹಾಕೋದು. ಅದು ಏನೂ ಮಾಡಲ್ಲ."

"ಏನೂ ಮಾಡ್ದೆ ಇರೋದಕ್ಕೆ ಎಪ್ಪತ್ತು ಪಾಲಾ? ಅದರ ಹೆಸರೇನು?"

"ಹೆಸರು ಬಾಟ್ಲಿ ಮೇಲೆ ಹಾಕ್ಬೇಕು ಅಂತ ಇಲ್ಲ. ಕಂಪನಿ ಗುಟ್ಟು ಅದು. ದಿಲ್ಲಿಯಲ್ಲಿ ಕಡತ ಇರುತ್ತೆ."

"ಏನೂ ಮಾಡ್ದೆ ಕೂತಿರೋರು ನಮ್ಮನೇಲೂ ಒಬ್ರವ್ರೆ ಸ್ವಾಮಿ, ನಮ್ಮ ಯಜಮಾನ್ರು. ಅವರ ಹೆಸರಾದ್ರೂ ರೇಷನ್ ಕಾರ್ಡಲ್ಲಿ ಐತೆ."

ಜಗುಲಿಯಲ್ಲಿ ಕೂತಿದ್ದವರು ನಕ್ಕರು. ಯಜಮಾನರೂ ನಕ್ಕರು. ನರಸಿಂಹಪ್ಪನವರು ನಗಲಿಲ್ಲ. "ನನ್ನ ಅಧಿಕಾರ ಮೂವತ್ತಕ್ಕೆ ಮಾತ್ರ" ಎಂದು ಹೇಳಿ ಅರಗು ಕಾಯಿಸಲು ಬೆಂಕಿಪೊಟ್ಟಣ ಕೇಳಿದರು. ಸೊಪ್ಪನ್ನೂ ಒಂದು ಚೀಲಕ್ಕೆ ತುಂಬಿಕೊಂಡರು.

ಅದು ಹೋದದ್ದು ಹೋಯಿತು. ವಿಚಾರಿಸಿದರೆ, ಕಾಗದ ಕೋಲಾರಕ್ಕೆ ಹೋಗಿದೆ ಎನ್ನುವರು. ಕೋಲಾರದವರು, ನೀವೀಗ ಚಿಕ್ಕಬಳ್ಳಾಪುರದವರಲ್ಲವೇ ಎಂದು ಹಿಂದಕ್ಕೆ ಕಳಿಸುವರು. ಚಿಕ್ಕಬಳ್ಳಾಪುರದಲ್ಲಿ ಕಚೇರಿಗೆ ಇನ್ನೂ ಬೋರ್ಡು ಬರೆಸುತ್ತಿದ್ದರು. ಕಾಯುತ್ತ ಕೂತರೆ ದೀಪಾವಳಿ ಬರುತ್ತದೆ ಎಂದು ಚಿಕ್ಕವೆಂಕಟಮ್ಮ ಅಕ್ಟೋಬರಿನ ಮೊದಲ ವಾರ ಗೌರಿಬಿದನೂರಿನ ಬಸ್ಸು ಹತ್ತಿದಳು. ಅವಳ ತಂಗಿಯ ಮಗ ಅಂಬರೀಶ್ ಕುಡುಮಲಕುಂಟೆಯ ಒಂದು ಔಷಧಿ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಬಾಟಲಿಯ ಚೀಟಿಯ ಕೆಳಗೆ ಸಣ್ಣಕ್ಷರದಲ್ಲಿದ್ದ ವಿಳಾಸ ಆ ಕಾರ್ಖಾನೆಯದೇ.

ಅಂಬರೀಶ್ ಹಿತ್ತಿಲಲ್ಲಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಬೆರಳ ಸಂದಿಯ ಚರ್ಮ ಬಿರಿದು ಕೆಂಪಾಗಿತ್ತು.

"ಏನೋ ಅಪ್ಪಾ ಇದು?"

"ನೀಲಿ ಡ್ರಮ್ಮಿಂದು ದೊಡ್ಡಮ್ಮ. ಈ ವರ್ಷ ಹೊಸದಾಗಿ ಬರ್ತಾ ಐತೆ. ಮುಂಚೆ ಕಪ್ಪು ಡ್ರಮ್ಮು, ಅದರಲ್ಲಿ ಹಿಂಗೆ ಆಗ್ತಿರ್ಲಿಲ್ಲ. ಇದು ಕಮ್ಮಿಗೆ ಸಿಗ್ತದಂತೆ."

"ಕೈಗೆ ಗವಸು ಕೊಡಲ್ವಾ?"

"ಔಷಧಿ ಹಿಡಿಯೋರಿಗೆ ಕೊಡ್ತಾರೆ. ಗ್ಲೌಸು, ಮಾಸ್ಕು, ಸಂಜೆಗೆ ಬೆಲ್ಲ, ಬಾಳೆಹಣ್ಣು. ನಮ್ದು ಇತರೆ ಸೆಕ್ಷನ್ನು. ಇತರೆ ಏನೂ ಮಾಡಲ್ಲ ಅಂತ ಸೂಪರ್‌ವೈಸರು ಹೇಳ್ತಾನೆ."

"ಅವನು ಕೈ ಅದ್ದವ್ನಾ ಅದ್ರಲ್ಲಿ?"

"ಅವನು ಆ ಕಡೆ ಬರೋದೇ ಇಲ್ಲ ದೊಡ್ಡಮ್ಮ, ತಲೆನೋವು ಬರ್ತದಂತೆ."

ಮೊದಲು ತೊಟ್ಟಿಗೆ ನೀಲಿ ಡ್ರಮ್ಮು ಸುರಿದು ತಿರುಗಿಸುತ್ತಾರೆ, ಔಷಧಿ ಬೀಳುವುದು ಆಮೇಲೆ ಎಂದು ಅಂಬರೀಶ್ ವಿವರಿಸಿದ. ಔಷಧಿ ಬೀಳುವ ಮೊದಲಿನದ್ದು ಒಂದು ಲೀಟರು ಬೇಕೆಂದಳು ಚಿಕ್ಕವೆಂಕಟಮ್ಮ. ಅವನು ಬೆದರಿದ. ಗೇಟಿನಲ್ಲಿ ಚೀಲ ನೋಡುತ್ತಾರೆ, ಕೆಲಸ ಹೋಗುತ್ತದೆ ಎಂದ. ಅವಳು ಒತ್ತಾಯ ಮಾಡಲಿಲ್ಲ. ಅವನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಎಣ್ಣೆ ಹಚ್ಚುತ್ತಾ ಕೂತಳು. ಮುಂದಿನ ಭಾನುವಾರ ಅಂಬರೀಶ್ ಊಟದ ಕ್ಯಾರಿಯರ್ ಹಿಡಿದು ಶಿಡ್ಲಘಟ್ಟದ ಬಸ್ಸಿನಿಂದ ಇಳಿದ. ಕ್ಯಾರಿಯರಿನಲ್ಲಿ ಸಾರು ಇರಬೇಕಾದ ಡಬ್ಬದಲ್ಲಿ ಉಗುರಿನ ಬಣ್ಣದ ವಾಸನೆ ಇತ್ತು.

ಚಿಕ್ಕವೆಂಕಟಮ್ಮ ಜಯರಾಮಪ್ಪನನ್ನು ತೋಟಕ್ಕೆ ಕರೆಸಿದಳು. ಹಿಪ್ಪುನೇರಳೆಯ ಮೂರು ಸಾಲು ಆರಿಸಿದ್ದಳು. ಒಂದಕ್ಕೆ ಬರೀ ನೀರು. ಒಂದಕ್ಕೆ ಅವನ ಮನೆಯ ಬಾಟಲಿಯಲ್ಲೇ ಉಳಿದಿದ್ದ ಗರುಡಾಸ್ತ್ರ. ಇನ್ನೊಂದಕ್ಕೆ ಕ್ಯಾರಿಯರಿನ ಇತರೆ. ಅಳತೆ ಅವನದೇ, ಸಿಂಪಡಿಸಿದ್ದೂ ಅವನೇ. ಪ್ರತಿ ಸಾಲಿಗೂ ಡೈರಿಯ ಮೊಹರು ಒತ್ತಿದ ಚೀಟಿ ಕಟ್ಟಿಸಿದಳು.

"ನನ್ ಕೈಲೇ ಕಟ್ಟಿಸ್ತೀಯಲ್ಲಕ್ಕ, ಆಮೇಲೆ ಮಾತು ಬದಲಾಯಿಸ್ಬೇಡ" ಎಂದ ಅವನು, ಅವಳನ್ನು ಹಿಡಿದುಹಾಕಿದ ಖುಷಿಯಲ್ಲಿ.

"ಅದಕ್ಕೇ ನಿನ್ ಕೈಲಿ ಕಟ್ಟಿಸ್ತಿರೋದು."

ಇಪ್ಪತ್ತು ದಿನ ಕಳೆಯಿತು. ಇನ್ನೂ ಒಂದು ವಾರ ಇರಲಿ ಎಂದು ಬಿಟ್ಟಳು. ಅಷ್ಟರಲ್ಲಿ ಪ್ರಯೋಗಾಲಯದ ವರದಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಕಡೆಯ ಮೊಹರು ಹೊತ್ತು ಬಂತು. ಜಯರಾಮಪ್ಪ ಡೈರಿಯಲ್ಲಿ ಓದಿ ಹೇಳಿದ. ಘೋಷಿತ ಪ್ರಮಾಣ ಮೂವತ್ತು, ಕಂಡುಬಂದ ಪ್ರಮಾಣ ಮೂವತ್ತು ಪಾಯಿಂಟ್ ಎರಡು, ಮಾದರಿಯು ಗುಣಮಟ್ಟಕ್ಕೆ ಅನುಗುಣವಾಗಿದೆ. ಸೊಪ್ಪಿನಲ್ಲಿ ಔಷಧಿಯ ಅಂಶ ಪತ್ತೆಯಾಗಿಲ್ಲ. ಹುಳುಗಳ ಸಾವಿಗೆ ಸಾಕಣೆಯ ಲೋಪ ಕಾರಣವಿರಬಹುದು. ಹುಳುವನ್ನು ಕಣ್ಣಿಂದಲೂ ನೋಡದ ಪ್ರಯೋಗಾಲಯಕ್ಕೆ ಸಾಕಣೆಯ ಲೋಪ ಮಾತ್ರ ಅಷ್ಟು ದೂರದಿಂದಲೇ ಕಂಡಿತ್ತು.

ಆ ಸಂಜೆ ಇನ್ನೂ ನಾಲ್ಕು ಮನೆಯವರು ವಿಜಯಪುರಕ್ಕೆ ಹೇಳಿಕಳಿಸಿದರೆಂದು ಚಿಕ್ಕವೆಂಕಟಮ್ಮನಿಗೆ ತಿಳಿಯಿತು.

ದೀಪಾವಳಿಯ ಪಟಾಕಿ ಕಸ ಇನ್ನೂ ಬೀದಿಯಲ್ಲಿತ್ತು. ಬೆಳಗಿನ ಹಾಲು ಹೋದ ಮೇಲೆ ಚಿಕ್ಕವೆಂಕಟಮ್ಮ ತನ್ನ ಹುಳು ಮನೆಯ ಹಜಾರದಲ್ಲಿ ಮೂರು ಬಿದಿರು ತಟ್ಟೆ ಇಟ್ಟಳು. ಮನೆ ಬೆಳೆಗೆಂದು ಉಳಿಸಿಕೊಂಡಿದ್ದ, ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿದ್ದ ಹುಳುವಿನಲ್ಲಿ ತಟ್ಟೆಗೆ ಐವತ್ತರಂತೆ ಜಯರಾಮಪ್ಪನೇ ಆರಿಸಿ ಬಿಟ್ಟ. ಮೂರು ಸಾಲಿನ ಸೊಪ್ಪನ್ನೂ ಅವನೇ ಕಿತ್ತು ತಂದ. ಹುಳು ಸಾಕುವ ಮೂವತ್ತು ಮನೆಯವರಲ್ಲಿ ಇಪ್ಪತ್ತು ಮನೆಯವರಾದರೂ ಬಂದಿದ್ದರು. ನರಸಿಂಹಪ್ಪನವರನ್ನು ಅರ್ಜಿ ಕೊಟ್ಟು ಕರೆಸಿದ್ದಳು. ಅವರ ಸೆಂಟಿನ ವಾಸನೆ ಅವರಿಗಿಂತ ಮೊದಲು ಬಂದದ್ದರಿಂದ, ಹುಳುವಿಗೆ ಸೆಂಟು ಆಗದೆಂದು ಒಳಗೆ ಬಿಡಲಿಲ್ಲ. ಕಿಟಕಿಯ ಹೊರಗೆ ಕುರ್ಚಿ ಹಾಕಿಸಿದಳು. ಸರ್ಕಾರಿ ಅಧಿಕಾರಿಯೊಬ್ಬರು ಹುಳು ಸಾಯುವುದನ್ನು ಕಂಬಿಯ ಆಚೆಯಿಂದ ನೋಡುವ ಹಾಗಾಯಿತು.

ಮಧ್ಯಾಹ್ನ ಎರಡಾಗುವ ಮೊದಲೇ ಎರಡು ತಟ್ಟೆಯಲ್ಲಿ ಹುಳು ತಲೆ ಆಡಿಸತೊಡಗಿದವು. ಮೂರಕ್ಕೆ ಹಸಿರು ನೀರು. ನೀರು ಹೊಡೆದ ಸಾಲಿನ ಸೊಪ್ಪಿದ್ದ ತಟ್ಟೆಯಲ್ಲಿ ಮಾತ್ರ ಎಲೆಯೆಲ್ಲ ಮುಗಿದು ಕಡ್ಡಿ ಉಳಿದಿತ್ತು. ಗರುಡಾಸ್ತ್ರದ ತಟ್ಟೆಗೂ ಇತರೆಯ ತಟ್ಟೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

ಜಯರಾಮಪ್ಪ ಎರಡು ತಟ್ಟೆಯಿಂದಲೂ ಒಂದೊಂದು ಸತ್ತ ಹುಳು ಎತ್ತಿ ಅಂಗೈ ಮೇಲಿಟ್ಟು ನೋಡಿದ. "ನಮ್ಮನೇಲೂ ಹಿಂಗೇ ಆಗಿದ್ದು" ಎಂದ, ಯಾರಿಗೂ ಅಲ್ಲ.

"ಬರ್ಕೊಳ್ಳಿ ಸ್ವಾಮಿ" ಎಂದಳು ಚಿಕ್ಕವೆಂಕಟಮ್ಮ ಕಿಟಕಿಯ ಕಡೆಗೆ.

"ಏನು ಬರ್ಕೊಳ್ಳೋದಮ್ಮ? ಗರುಡಾಸ್ತ್ರ ಪಾಸಾಗಿದೆ, ವರದಿ ಇದೆ. ಇನ್ನೊಂದರಲ್ಲಿ ಔಷಧೀನೇ ಇಲ್ಲ. ಔಷಧಿ ಇಲ್ದೆ ಇರೋದು ನನ್ನ ಕಾಯ್ದೆಗೆ ಬರಲ್ಲ."

"ಔಷಧಿ ಇಲ್ದೆ ಇರೋದು ಹುಳ ಸಾಯಿಸ್ತಲ್ಲ?"

"ಅದಕ್ಕೆ ನಾನೇನು ಮಾಡ್ಲಿ?"

"ಅಂದ್ರೆ ಸಾಯಿಸಿದ್ದನ್ನ ಹಿಡಿಯಲ್ಲ, ಸಾಯಿಸ್ದೆ ಇದ್ದಿದ್ದನ್ನ ಹಿಡಿದು ತೂಕ ಹಾಕ್ತೀರ. ಪೋನೀಲೇ, ಬಿಡಿ. ಕಾಫಿ ಕುಡ್ಕೊಂಡು ಹೋಗಿ."

ಹಿಂದಿನಿಂದ ಯಾರೋ ಗೊಳ್ಳೆಂದರು. ಇಪ್ಪತ್ತು ಮನೆಯವರ ನಗು ಕಿಟಕಿಯ ಕಂಬಿ ದಾಟಿ ಬಂದಾಗ ನರಸಿಂಹಪ್ಪನವರ ಇಸ್ತ್ರಿ ಕೆಟ್ಟಿತು. ಎದ್ದು ನಿಂತರು.

"ಈ ದ್ರಾವಣ ಎಲ್ಲಿಂದ ತಂದೆ? ಲೈಸೆನ್ಸ್ ಇದೆಯಾ? ನೋಂದಣಿ ಇದೆಯಾ? ನೋಂದಣಿ ಇಲ್ದೆ ಇರೋ ವಿಷ ಬೆಳೆಗೆ ಹೊಡ್ದಿದೀಯ! ನಿನ್ನ ಮೇಲೇ ಕೇಸಾಗತ್ತೆ, ಗೊತ್ತಾ?"

"ವಿಷಾನಾ? ಏನೂ ಮಾಡಲ್ಲ ಅಂದ್ರಿ."

"ಕಂಪನಿ ಬಾಟ್ಲೀಲಿ ಇದ್ರೆ ಏನೂ ಮಾಡಲ್ಲ! ನಿನ್ನ ಕೈಯಲ್ಲಿ ವಿಷಾನೇ! ಎಲ್ಲಿಂದ ತಂದೆ?"

"ಅದು ನಮ್ಮನೆ ಗುಟ್ಟು ಸ್ವಾಮಿ."

ನರಸಿಂಹಪ್ಪನವರು ಜೀಪಿನ ಬಾನೆಟ್ಟಿನ ಮೇಲೆ ಕಾರ್ಬನ್ನು ಹಾಕಿ ನೋಟೀಸು ಬರೆಯತೊಡಗಿದರು. ಕಾಯ್ದೆಯಲ್ಲಿ ಹಾಗೆ ಇದೆಯೋ ಇಲ್ಲವೋ ಅವರಿಗೇ ಖಾತ್ರಿ ಇರಲಿಲ್ಲ. ಆದರೆ ಸಿಟ್ಟು ಬಂದಾಗ ಅಧಿಕಾರಿ ಮಾಡಬಹುದಾದದ್ದು ಅದೊಂದೇ. ಜಯರಾಮಪ್ಪ ಹೋಗಿ ಪಕ್ಕದಲ್ಲಿ ನಿಂತ. ಹದಿನೈದು ವರ್ಷ ಡೈರಿಯ ಕಾಗದಪತ್ರ ನೋಡಿದವನು, ನೋಟೀಸು ಎಲ್ಲಿ ಬಿದ್ದುಹೋಗುತ್ತದೆ ಎಂದು ಬಲ್ಲವನು.

"ಸಾರ್, ಬರೀ ದ್ರಾವಣ ಅಂತ ಬರೆದ್ರೆ ಮೇಲಿನೋರು ಯಾವ ದ್ರಾವಣ ಅಂತ ಕೇಳ್ತಾರೆ, ವಾಪಸ್ಸು ಬರ್ತದೆ. ಸರಿಯಾಗಿ ಬಿಗೀಬೇಕು ಈಯಮ್ಮನ್ನ."

"ಏನಂತ ಬರೀಲಯ್ಯಾ?"

"ಗರುಡಾಸ್ತ್ರಕ್ಕೆ ಬೆರೆಸೋ ಇತರೆ ಅಂತಾನೇ ಹಾಕಿ ಸಾರ್. ಹುಳ ಎಷ್ಟು ಸತ್ವು, ತಾವು ಕಣ್ಣಾರೆ ನೋಡಿದ್ದು, ಅದೂ ಇರ್ಲಿ. ಸಾಕ್ಷಿಗೆ ನಾನು ಹಾಕ್ತೀನಿ ಸಹಿ."

ಅದು ಸಹಾಯವೆಂದೇ ನರಸಿಂಹಪ್ಪನವರು ತಿಳಿದರು. ಅರ್ಧ ಗಂಟೆ ಕೂತು, ತಮ್ಮ ಅಚ್ಚುಕಟ್ಟಾದ ಕೈಬರಹದಲ್ಲಿ, ಒಂದು ಅಕ್ಷರವನ್ನೂ ಹೊಡೆದುಹಾಕದೆ ಬರೆದು, ಮೊಹರು ಒತ್ತಿ, ಪ್ರತಿಯನ್ನು ಚಿಕ್ಕವೆಂಕಟಮ್ಮನ ಕೈಗೆ ಕೊಟ್ಟು, ಪಡೆದುಕೊಂಡದ್ದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೊರಟರು. ಜೀಪು ಕೆರೆ ಏರಿ ದಾಟುವ ತನಕ ಯಾರೂ ನಗಲಿಲ್ಲ. ಆಮೇಲೆ ಜಯರಾಮಪ್ಪ ಗಂಟಲು ಸರಿಮಾಡಿಕೊಂಡು ಓದಿದ:

"ಗರುಡಾಸ್ತ್ರ ಎಂಬ ಕೀಟನಾಶಕದ ತಯಾರಿಕೆಯಲ್ಲಿ ಬೆರೆಸುವ ಇತರೆ ಪದಾರ್ಥವು ರೇಷ್ಮೆ ಹುಳುಗಳಿಗೆ ಮಾರಕ ವಿಷವಾಗಿದ್ದು, ಸಿಂಪಡಿಸಿ ಇಪ್ಪತ್ತೇಳು ದಿನಗಳ ನಂತರವೂ ಸದರಿ ವಿಷದಿಂದ ಐವತ್ತು ಆರೋಗ್ಯವಂತ ಹುಳುಗಳು ಸತ್ತಿರುವುದನ್ನು ಕೆಳಗೆ ಸಹಿ ಮಾಡಿರುವ ಅಧಿಕಾರಿಯು ಖುದ್ದಾಗಿ ಕಂಡಿರುತ್ತಾರೆ. ಇಂಥ ವಿಷವನ್ನು ಬಳಸಿದ್ದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು."

"ಆರೋಗ್ಯವಂತ ಅಂತಾನೂ ಬರ್ದವ್ರೆ" ಎಂದಳು ಚಿಕ್ಕವೆಂಕಟಮ್ಮ. "ಅದನ್ನ ಇನ್ನೊಂದ್ಸಲ ಓದು."

ಅವನು ಇನ್ನೊಂದು ಸಲ ಓದಿದ. ಕಾಗದ ಮಡಚಿ ಅವಳ ಕೈಗೆ ಕೊಡುವಾಗ ಮುಖ ನೋಡಲಿಲ್ಲ. ತಪ್ಪಾಯಿತು ಎನ್ನುವ ಮಾತು ಅವನ ಬಾಯಿಗೆ ಬರುವಂಥದ್ದಲ್ಲ. "ಸೋಮವಾರದ ಮೊಟ್ಟೇಲಿ ನಂದು ಇನ್ನೂರು ಹಿಡ್ಕೋ ಅಕ್ಕ" ಎಂದ.

"ವಿಜಯಪುರ?"

"ವಿಜಯಪುರಕ್ಕೆ ಫೋನ್ ಮಾಡಿ ಹೇಳ್ತೀನಿ."

"ಹೊಡೆಯೋ ಔಷಧಿ?"

"ನೀನು ಮೂಸಿ ಕೊಡು, ಅದನ್ನ ಹೊಡೀತೀನಿ."

ನೋಟೀಸು ಶಿಡ್ಲಘಟ್ಟದಲ್ಲಿ ಜೆರಾಕ್ಸ್ ಆಗಿ ಗೂಡಿನ ಮಾರುಕಟ್ಟೆಯ ಕಂಬಗಳಿಗೆ ಅಂಟಿತು, ಚಿಂತಾಮಣಿಯ ಗೊಬ್ಬರದಂಗಡಿಯ ಬಾಗಿಲಿಗೂ ಯಾರೋ ಮೆತ್ತಿದರು. ಗರುಡಾಸ್ತ್ರ ಅಲ್ಲಿ ಧೂಳು ಹಿಡಿಯಿತು. ಕಾನೂನಿನ ಕಣ್ಣಿಗೆ ಅದು ಈಗಲೂ ಗುಣಮಟ್ಟಕ್ಕೆ ಅನುಗುಣವೇ. ಬೇರೆ ಜಿಲ್ಲೆಗಳಲ್ಲಿ ಚೆನ್ನಾಗಿಯೇ ಮಾರಾಟವಾಗುತ್ತಿತ್ತಂತೆ.

ಒಂಬತ್ತನೆಯ ದಿನ ನರಸಿಂಹಪ್ಪನವರು ಮತ್ತೆ ಬಂದರು. ಈ ಸಲ ಜೀಪಿಲ್ಲ, ಬಸ್ಸು. ಮೇಲಿನವರು ಅವರನ್ನು ಕರೆಸಿ, ನೀವು ಏನು ಬರೆದುಕೊಟ್ಟಿದ್ದೀರೆಂದು ನಿಮಗೆ ಗೊತ್ತೇ ಎಂದು ಕೇಳಿದ್ದರು. ಡೈರಿಯ ಮುಂದೆ ನಿಂತು, ಆ ನೋಟೀಸನ್ನು ಹಿಂದಕ್ಕೆ ಪಡೆಯಬೇಕಾಗಿದೆ, ಸಮಜಾಯಿಷಿ ಬೇಡ, ಎಲ್ಲ ಇಲ್ಲಿಗೇ ಮುಗಿಸೋಣ ಎಂದರು.

"ಅದು ಅಕ್ಕನ ಹೆಸರಿಗೆ ಬಂದಿರೋದು ಸಾರ್" ಎಂದ ಜಯರಾಮಪ್ಪ. "ಅವಳ್ನೇ ಕೇಳ್ಬೇಕು."

"ಎಲ್ಲಿದಾರೆ ಅವ್ರು?"

"ಅವಳ ಚಾಕಿ ಮನೇಲಿ. ಇವತ್ತು ಬೆಳಿಗ್ಗೆ ಮೊಟ್ಟೆ ಒಡೆದೈತೆ, ಮೂವತ್ತೆರಡು ಮನೇದು. ಎಳೆ ಸೊಪ್ಪು ಹೆಚ್ತಾ ಅವ್ಳೆ, ಎದ್ದು ಬರಂಗಿಲ್ಲ. ಮರಿ ಎರಡನೇ ಜ್ವರ ಏಳ್ಲಿ, ಹತ್ತು ದಿನ ಬಿಟ್ಕೊಂಡು ಬನ್ನಿ."